ಮುರ್ಲುಮೀಮಾಂಸೆ: ಗಾಳೋತ್ತರ ಅಸ್ಮಿತೆಯ ಒಂದು ಪ್ರಾಥಮಿಕ ಅನುಸಂಧಾನ

0. ಪ್ರಸ್ತಾವನೆಗೂ ಮುನ್ನ

ಪ್ರಸ್ತುತ ಅಧ್ಯಯನವು ಕರ್ನಾಟಕದ ಕೆರೆಗಳ ಪರಿಪ್ರೇಕ್ಷ್ಯದಲ್ಲಿ ಮುರ್ಲು ಮೀನುಗಳ ಅನನ್ಯತೆಯ ಸಂಕಥನವನ್ನು ಗಾಳಕೇಂದ್ರಿತ ನೆಲೆಯಲ್ಲಿ ಮುಖಾಮುಖಿಯಾಗುವ ಒಂದು ವಿನಮ್ರ ಪ್ರಯತ್ನವಾಗಿರುತ್ತದೆ. ಮುಖಾಮುಖಿಯಾಗದೆ ನಮ್ಮಲ್ಲಿ ಯಾರೂ ಡಾಕ್ಟರ್ ಆದದ್ದಿಲ್ಲವಾದ್ದರಿಂದ ಆ ಕೆಲಸವನ್ನು ಮೊದಲ ವಾಕ್ಯದಲ್ಲೇ ಮುಗಿಸಿದ್ದೇನೆ.

ಈ ಕ್ಷೇತ್ರದ ವಿದ್ವಾಂಸರು ಭಾನುವಾರ ಬೆಳಗ್ಗೆ ಕೆರೆ ಏರಿಯ ಮೇಲೆ ಲಭ್ಯರು. ಮೈತುಂಬ ಜೇಬಿರುವ ಅಂಗಿ, ಕಪ್ಪು ಕನ್ನಡಕ, ಹುಡುಗನೊಬ್ಬನ ವರ್ಷದ ಶಾಲೆ ಫೀಜಿಗಿಂತ ದುಬಾರಿಯಾದ ರಾಡು. ಪಕ್ಕದಲ್ಲಿ ಬಿದಿರುಕೋಲಿಗೆ ದಾರ ಕಟ್ಟಿ ಎರೆಹುಳ ಸಿಕ್ಕಿಸಿ ಕೂತ ಆ ಹುಡುಗ ಮೀನೆತ್ತಿದ ಕೂಡಲೇ ಇವರು ಎದ್ದುಬಂದು ಅದರ ಹೆಸರನ್ನು ಲ್ಯಾಟಿನ್ನಿನಲ್ಲಿ ತಿದ್ದುತ್ತಾರೆ. "ಕೊರವ ಅಂತಾರೆ ಸಾರ್ ನಮ್ಮೂರಲ್ಲಿ" ಎಂದರೆ, "ಹಾಗೆಲ್ಲ ಅನ್ನಬಾರದಪ್ಪ, ಪಂಕ್ಟೇಟ ಅನ್ನಬೇಕು." ಈ ಪ್ರಬಂಧ ಆ ತಿದ್ದುಪಡಿಗೆ ಅರ್ಪಿತ.

1. ಕಾಲಘಟ್ಟಗಳ ವಿಂಗಡಣೆ

ಮುರ್ಲಿನ ಅಸ್ಮಿತೆಯನ್ನು ಗಾಳಪೂರ್ವ, ಗಾಳಕಾಲೀನ ಮತ್ತು ಗಾಳೋತ್ತರ ಎಂಬ ಮೂರು ಸ್ಥಿತ್ಯಂತರಗಳಲ್ಲಿ ಗ್ರಹಿಸತಕ್ಕದ್ದು. ಗಾಳಪೂರ್ವದಲ್ಲಿ ಎಲ್ಲ ಮೀನೂ ಹೂಮುರ್ಲು, ಅಂದರೆ ಚನ್ನ ಮಾರುಲಿಯಸ್, ಮೀಟರಿಗಿಂತ ಉದ್ದ ಬೆಳೆಯುವಂಥದು. ದಾರ ಬಿಗಿಯಾದ ಗಾಳಕಾಲದಲ್ಲಿ ಅದು ಇನ್ನೂ ಒಂದು ಗೇಣು ಬೆಳೆಯುತ್ತದೆ. ಗಾಳೋತ್ತರದಲ್ಲಿ ಎರಡು ಕವಲು: ತಪ್ಪಿಸಿಕೊಂಡದ್ದು ಹೂಮುರ್ಲಾಗಿಯೇ ಉಳಿಯುತ್ತದೆ, ದಡಕ್ಕೆ ಬಂದದ್ದು ಒಂದು ಗೇಣಿನ ಕೊರವವಾಗುತ್ತದೆ. ಇದಕ್ಕೆ ಇದುವರೆಗೆ ಅಪವಾದ ದಾಖಲಾಗಿಲ್ಲ.

2. ಲಕ್ಷಣನಿರೂಪಣೆ

2.1 ಪುಚ್ಛಮೂಲಸ್ಥ ಮಿಥ್ಯಾನೇತ್ರವಾದ. ಹೂಮುರ್ಲಿನ ಬಾಲದ ಬುಡದಲ್ಲಿ, ಮೇಲ್ಭಾಗಕ್ಕೆ, ಅಂಚುಕಟ್ಟಿದ ಕಪ್ಪು ಕಣ್ಣಿನಂಥ ಬೊಟ್ಟು. ಕುಚ್ಚಿನ ಮುರ್ಲಿಗೆ, ಅಂದರೆ ಸ್ಟ್ರಯೇಟಕ್ಕೆ, ಅದಿಲ್ಲ. ಪಕ್ಕದಲ್ಲಿ ಓರೆಯಾದ ಕಪ್ಪು ಪಟ್ಟೆ, ಹೊಟ್ಟೆ ಬಿಳುಪು. ಇಷ್ಟೇ ಆಗಿದ್ದರೆ ಶಾಸ್ತ್ರ ಬೇಕಿರಲಿಲ್ಲ. ಆದರೆ ಹೂಮುರ್ಲಿಗೆ ವಯಸ್ಸಾದಂತೆ ಬೊಟ್ಟು ಮಾಸುವುದುಂಟು. ಬೊಟ್ಟಿಲ್ಲದ ದೊಡ್ಡ ಮೀನನ್ನು 'ಅನುಪಸ್ಥಿತಿಯ ಮೂಲಕ ಉಪಸ್ಥಿತವಾಗುವ ಮಾರುಲಿಯಸತ್ವ' ಎಂದು ಕರೆದು ಮುಂದೆ ಹೋಗಬೇಕು.

2.2 ಶಲಾಕಾಗಣನ ನ್ಯಾಯ. ಬೆನ್ನಿನ ರೆಕ್ಕೆಯ ಕಡ್ಡಿಗಳನ್ನು ಎಣಿಸತಕ್ಕದ್ದು. ಕೊರವಕ್ಕೆ 30ರ ಆಸುಪಾಸು, ಕುಚ್ಚಿನ ಮುರ್ಲಿಗೆ 40ರ ಆಸುಪಾಸು, ಹೂಮುರ್ಲಿಗೆ 45ರಿಂದ 55. ಎಣಿಕೆ 44ಕ್ಕೆ ನಿಂತರೆ ಎರಡು ದಿನಗಳ ರಾಷ್ಟ್ರೀಯ ವಿಚಾರ ಸಂಕಿರಣ ಕರೆಯುವುದು. ಅಲ್ಲಿಯವರೆಗೂ ಜೀವ ಹಿಡಿದಿರುವ ತಾಕತ್ತು ಈ ಮೀನಿಗಿದೆ, ಏಕೆಂದರೆ ಇದು ಗಾಳಿಯನ್ನೇ ಉಸಿರಾಡುತ್ತದೆ. ಸಂಕಿರಣಕ್ಕೆ ಬಂದವರ ಬಗ್ಗೆ ಆ ಮಾತು ಹೇಳಲಾರೆ.

2.3 ನಾಮಕರಣದ ಚಾರಿತ್ರಿಕ ಆಯಾಮ. ಕುಚ್ಚಿನ ಮುರ್ಲಿಗೂ ಕೊರವಕ್ಕೂ 1793ರಲ್ಲಿ ಹೆಸರಿಟ್ಟವನು ಬರ್ಲಿನ್ನಿನ ವೈದ್ಯ ಬ್ಲಾಖ್. ಈ ಕಡೆ ಕಾಲಿಟ್ಟವನಲ್ಲ, ಸೀಸೆಯಲ್ಲಿ ಬಂದ ಮೀನು ನೋಡಿದವನು. ಹೂಮುರ್ಲಿಗೆ 1822ರಲ್ಲಿ ಹೆಸರು ಕೊಟ್ಟ ಹ್ಯಾಮಿಲ್ಟನ್ ಬೇರೆ ಯಾರೂ ಅಲ್ಲ, 1800ರಲ್ಲಿ ನಮ್ಮ ಮೈಸೂರು ಸೀಮೆ ಸುತ್ತಿ ಹೊಲಗದ್ದೆಗಳ ಲೆಕ್ಕ ಬರೆದುಕೊಂಡು ಹೋದ ಬುಕಾನನ್ನೇ. ಕೇರಳದ ಹೊಳೆಗಳ ಇನ್ನೊಂದು ಮುರ್ಲು, ಡಿಪ್ಲೊಗ್ರಾಮ, 1865ರಲ್ಲಿ ಹೆಸರು ಪಡೆದು, ಆಮೇಲೆ ಆಗ್ನೇಯ ಏಷ್ಯಾದ ಮೀನೊಂದರ ಖಾತೆಗೆ ಸೇರಿಹೋಗಿ, 2011ರಲ್ಲಿ ಮತ್ತೆ ಬೇರೆಯಾಯಿತು. 146 ವರ್ಷ. ನಮ್ಮ ಏರಿಯ ವಿದ್ವಾಂಸರು ಇಂಥದನ್ನು ಒಂದು ಸಿಗರೇಟು ಮುಗಿಯುವುದರೊಳಗೆ ತೀರ್ಮಾನಿಸುತ್ತಾರೆ.

2.4ರಲ್ಲಿ ಹುರುಪೆಯ ಸಾಲುಗಳನ್ನು ಎಣಿಸುವುದಿತ್ತು. ಬೇಡ. 3, 4 ಮತ್ತು ಉಪಸಂಹಾರವನ್ನೂ ಕೈಬಿಟ್ಟಿದ್ದೇನೆ, ಏಕೆಂದರೆ ಇಷ್ಟು ಹೊತ್ತೂ ಹೇಳದೆ ಇಟ್ಟುಕೊಂಡ ಒಂದು ಗುರುತಿದೆ. ಎಲ್ಲಕ್ಕಿಂತ ಸುಲಭದ್ದು ಅದೇ, ಮೀನು ಹಿಡಿಯುವ ಅಗತ್ಯವೂ ಇಲ್ಲ.

ಮಳೆ ಹಿಡಿದ ಮೇಲೆ ಈ ಮೀನುಗಳು ಜೊಂಡಿನ ನಡುವೆ ಜೋಡಿಯಾಗಿ ಜಾಗ ಮಾಡಿಕೊಂಡು ಮೊಟ್ಟೆ ಇಡುತ್ತವೆ. ಮೊಟ್ಟೆ ತೇಲುತ್ತದೆ. ಮರಿಗಳು ಗುಂಪುಕಟ್ಟಿ ಓಡಾಡುತ್ತವೆ: ಕುಚ್ಚಿನ ಮುರ್ಲಿನವು ಕಿತ್ತಳೆಗೆಂಪು, ಹೂಮುರ್ಲಿನವು ಕಪ್ಪು ಮೈಗೆ ಕಿತ್ತಳೆ ಪಟ್ಟಿ. ಉಸಿರಿಗೆ ಮೇಲೆ ಬಂದಾಗ ಅಷ್ಟು ಜಾಗದಲ್ಲಿ ಮಾತ್ರ ಮಳೆಹನಿ ಬಿದ್ದ ಹಾಗೆ ನೀರು ಪುಟಪುಟ ಅನ್ನುತ್ತದೆ. ಕೆಳಗೆ ಅಪ್ಪ ಅವ್ವ ಕಾವಲಿರುತ್ತವೆ. ಮರಿಗಳ ಹತ್ತಿರ ಏನೇ ಬಂದರೂ ಕಚ್ಚಿ ಓಡಿಸುತ್ತವೆ. ಹಸಿದು ಕಚ್ಚುವುದಲ್ಲ ಅದು.

ವಿದ್ವಾಂಸರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ರಬ್ಬರು ಕಪ್ಪೆಯನ್ನು ಸರಿಯಾಗಿ ಆ ಮರಿಗುಂಪಿನ ಮೇಲೆಯೇ ಬೀಸುತ್ತಾರೆ. ಒಮ್ಮೆ ಕಚ್ಚದಿದ್ದರೆ ಇನ್ನೊಮ್ಮೆ, ಮತ್ತೊಮ್ಮೆ, ಸಿಟ್ಟಿಗೇಳುವವರೆಗೆ. ಆಮೇಲೆ ಕೊಕ್ಕೆ ಸಿಕ್ಕಿದ ಬಾಯನ್ನು ಅಗಲಿಸಿ ಹಿಡಿದು ಫೋಟೋ, ಎತ್ತಿ ಹಿಡಿದು ಫೋಟೋ, ತೂಕದ ಕಾಟಾದೊಂದಿಗೆ ಫೋಟೋ. "ನಾವು ಬಿಟ್ಟುಬಿಡ್ತೀವಿ ರೀ, ನಾವೇನು ತಿನ್ನೋರಲ್ಲ" ಎಂಬ ಹೆಮ್ಮೆ ಬೇರೆ. ಇವರು ಬೆಳಕು ಸರಿಮಾಡಿಕೊಳ್ಳುವಷ್ಟರಲ್ಲಿ ಜಿಲೇಬಿ ಮೀನುಗಳು ಕಾವಲಿಲ್ಲದ ಮರಿಗಳನ್ನು ಮುಕ್ಕಿರುತ್ತವೆ. ಬಿಟ್ಟ ಮೀನು ಯಾವುದನ್ನು ಕಾಯಲು ಹಿಂದಿರುಗಬೇಕು? ಬಿದಿರುಕೋಲಿನ ಹುಡುಗ ತನ್ನ ಕೊರವವನ್ನು ಸಾರಿಗೆ ಹಾಕಿಸುತ್ತಾನೆ, ಅಷ್ಟೇ. ಅವನಿಗೆ ಲ್ಯಾಟಿನ್ ಕಲಿಸಲು ಬಂದವರು ಒಂದು ಕೆರೆಯ ಒಂದು ವರ್ಷದ ಸಂತಾನವನ್ನು ಫೋಟೋ ಒಂದಕ್ಕೆ ತೆಗೆದಿರುತ್ತಾರೆ, ಶೀರ್ಷಿಕೆಯಲ್ಲಿ ಜಾತಿಯ ಹೆಸರನ್ನು ತಪ್ಪಿಲ್ಲದೆ ಬರೆದು.

ಈ ಮಳೆಗಾಲ ಏರಿಯ ಮೇಲೆ ನಿಂತಾಗ ರಾಡು ಬಿಚ್ಚುವ ಮೊದಲು ನೀರು ನೋಡಿ. ಮರಿಗುಂಪು ಕಂಡರೆ ಕೆಳಗಿರುವುದು ಕುಚ್ಚಿನದೋ ಹೂವಿನದೋ ಎಂದು ತಿಳಿಯಬೇಕಾದ್ದಿಲ್ಲ. ದಾರ ಸುತ್ತಿಕೊಂಡು ಕೆರೆಯ ಆಚೆ ಬದಿಗೆ ಹೋಗಿ.