ಪ್ರಾಂಪ್ಟ್ ಪಟೇಲ್

ತೆಲಂಗಾಣದ ನಮ್ಮ ಮನೂರಿನ ಕಡೆ ಹಿಂದೆ ಕಂದಾಯಕ್ಕೊಬ್ಬ ಮಾಲಿ ಪಟೇಲ್, ಜಗಳಕ್ಕೊಬ್ಬ ಪೊಲೀಸ್ ಪಟೇಲ್, ಇಬ್ಬರನ್ನೂ ಕಿಸೆಯಲ್ಲಿಟ್ಟುಕೊಂಡ ಒಬ್ಬ ಪಟ್ವಾರಿ ಇರುತ್ತಿದ್ದರು. 1980ರ ದಶಕದಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರ ಆ ಪದ್ಧತಿಯನ್ನೇ ಕಿತ್ತುಹಾಕಿತು. ಆಮೇಲೆ ಬಂದ ಗ್ರಾಮ ಕಂದಾಯ ಅಧಿಕಾರಿಗಳೂ (ವಿ.ಆರ್.ಒ.) 2020ರಲ್ಲಿ ಹೋದರು. ಊರಿಗೊಬ್ಬ ಪಟೇಲ್ ಇಲ್ಲದಿದ್ದರೆ ನಮ್ಮ ಜನಕ್ಕೆ ಉಂಡದ್ದು ಅರಗುವುದಿಲ್ಲ. ಆ ಖಾಲಿ ಕುರ್ಚಿಯಲ್ಲಿ ಈಗ ಕೂತಿರುವವನೇ ಪ್ರಾಂಪ್ಟ್ ಪಟೇಲ್.

ಹೆಸರು ನಾವಿಟ್ಟದ್ದು. ಹೆತ್ತವರು ಇಟ್ಟದ್ದು ಅವನ ಹೆಂಡತಿಗೂ ಮರೆತಿರಬೇಕು. ಝೆರಾಕ್ಸ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಫೋಟೊ, ಆನ್‌ಲೈನ್ ಅರ್ಜಿ, ಎಲ್ಲವೂ ಅವನ ಒಂದೇ ತಗಡಿನ ಶೆಡ್ಡಿನಲ್ಲಿ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದಾಗ, ಅದನ್ನು ಮನೂರಿಗೆ ತಂದವನು ತಾನೇ ಎಂಬಂತೆ ಓಡಾಡಿದ. 2025ರಲ್ಲಿ ಅಂಥದ್ದೇ ಮಷೀನುಗಳಾದ ಪರ್ಪ್ಲೆಕ್ಸಿಟಿಯನ್ನು ಏರ್‌ಟೆಲ್‌ನವರು ಒಂದು ವರ್ಷ, ಜಿಯೋದವರು ಜೆಮಿನಿಯನ್ನು 18 ತಿಂಗಳು ಪುಕ್ಕಟೆ ಹಂಚಿದರು. ಪಟೇಲನ ಫೋನಿನಲ್ಲಿ ಎರಡೂ ಸಿಮ್, ಎರಡೂ ಮಷೀನು.

"ಒಂದು ಪಟ್ವಾರಿ, ಇನ್ನೊಂದು ಗಿರ್ದಾವರ್, ಕಾಕಾ," ಎನ್ನುತ್ತಾನೆ. ಪಟ್ವಾರಿ ಬರೆದದ್ದನ್ನು ಗಿರ್ದಾವರನ ಕೈಲಿ ತಪಾಸಣೆ ಮಾಡಿಸುತ್ತಾನೆ. ಗಿರ್ದಾವರ್ ಪಟ್ವಾರಿಯ ತಪ್ಪು ಹಿಡಿದದ್ದನ್ನು ನಾನು ಹಿಂದೆಯೂ ಕಂಡಿಲ್ಲ, ಈಗಲೂ ಕಂಡಿಲ್ಲ.

ಅಂಗಡಿಗೆ ಯಾರೇ ಬರಲಿ, ಮೊದಲು ಉಪದೇಶ. "ಮೊದ್ಲ ಒಂದು ಅರ್ಜಿಗೆ ಅರ್ಧ ತಾಸು ಹಿಡೀತಿತ್ತು. ಈಗ ಒಂದೇ ಮಿನಿಟು!" ಉಳಿದ ಇಪ್ಪತ್ತೊಂಬತ್ತು ಮಿನಿಟು ಎಲ್ಲಿ ಹೋಗುತ್ತವೆ ಎಂದು ನಾನು ಒಮ್ಮೆ ಕೂತು ನೋಡಿದೆ. ಇಪ್ಪತ್ತೊಂಬತ್ತು ಮಿನಿಟು ಹೇಗೆ ಉಳಿದವು ಎಂದು ಗಿರಾಕಿಗೆ ವಿವರಿಸುವುದರಲ್ಲಿ ಹೋಗುತ್ತವೆ. ಜೊತೆಗೆ ಎರಡು ಚಹಾ. ಇನ್ನೊಂದು ಗುಟ್ಟೂ ಇದೆ. ಅವನ ರೇಟು ಪುಟದ ಲೆಕ್ಕ. ಬೀದಿ ದೀಪ ಉರಿಯುತ್ತಿಲ್ಲ ಎಂಬ ಅರ್ಜಿಯನ್ನು ಕೈಯಲ್ಲಿ ಬರೆಯುವಾಗ ಐದು ಸಾಲಿನಲ್ಲಿ ಮುಗಿಸುತ್ತಿದ್ದವನು, ಈಗ ಬೆಳಕಿನ ಮಹತ್ವದಿಂದ ಶುರು ಮಾಡಿ ಮೂರು ಪುಟ ಮಾಡುತ್ತಾನೆ.

ಪಟೇಲ್ ಒಬ್ಬನೇ ಅಲ್ಲ, ಈ ಜಾತಿ ಎಲ್ಲ ಕಡೆ ಹಬ್ಬಿದೆ. ತಾಂಡೂರಿನ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ನನ್ನ ಅಳಿಯ "ಲೋಡ್ ಆಗ್ಯಾದ, ಬಾ" ಎಂದು ಡ್ರೈವರನಿಗೆ ಫೋನ್ ಮಾಡುತ್ತಿದ್ದವನು. ಮೊನ್ನೆ "ಗೌರವಾನ್ವಿತ ಸಾರಿಗೆ ಪಾಲುದಾರರೇ" ಎಂದು ವಾಟ್ಸ್ಯಾಪ್ ಕಳಿಸಿದ. ಮಾಲೀಕ ತನ್ನನ್ನು ಕೆಲಸದಿಂದ ತೆಗೆದ ಎಂದುಕೊಂಡು ಡ್ರೈವರ್ ಊರಿಗೆ ಹೋಗಿಬಿಟ್ಟ.

ಆದರೂ ಒಂದು ಮಾತು ಒಪ್ಪಬೇಕು. ನಮ್ಮಂಥ ಊರಿಗೆ ಪಟೇಲನ ಫೋನಿನಿಂದ ಲಾಭವೂ ಇದೆ. ಮನೂರು ಸೇರಿದ ನಮ್ಮ ನಾರಾಯಣಖೇಡ ಸೀಮೆ 1956ರ ತನಕ ಬೀದರ್ ಜಿಲ್ಲೆ. ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದಾಗ ನಾರಾಯಣಖೇಡ, ಜಹೀರಾಬಾದ್ ಆಂಧ್ರದ ಪಾಲಾದವು, ಕಲಬುರಗಿಯ ತಾಂಡೂರೂ ಆ ಕಡೆಗೇ ಹೋಯಿತು. ಮೇದಕ್ ಜಿಲ್ಲೆಯಾಗಿ, 2016ರಿಂದ ಸಂಗಾರೆಡ್ಡಿ ಜಿಲ್ಲೆಯಾಗಿದ್ದೇವೆ. ನಾವು ಕೂತಲ್ಲಿಂದ ಎದ್ದಿಲ್ಲ, ವಿಳಾಸ ಮಾತ್ರ ತಿರುಗುತ್ತಿದೆ. ಅಜ್ಜನ ಕಾಗದ ಉರ್ದು, ಅಪ್ಪನ ಕಾಗದ ತೆಲುಗು, ಬೈಯುವುದು ಕನ್ನಡದಲ್ಲಿ. "ಸರ್ವೇ ನಂಬರ್ ಗಲತ್ ಅದ, ಇಪ್ಪುಡು ಏನ್ ಮಾಡಲಿ?" ಎಂಬ ಒಂದು ಸಾಲಿನಲ್ಲಿ ಎಷ್ಟು ಭಾಷೆ ಇವೆ ಎಂದು ನಾವು ಎಣಿಸುವುದಿಲ್ಲ. ಉರ್ದು ಓದುವ ಮುನ್ಷಿಯನ್ನು ಹುಡುಕಿ, ಅವನಿಂದ ಕೇಳಿ, ತೆಲುಗಿನಲ್ಲಿ ಬರೆಸಿ ಕಚೇರಿಗೆ ಒಯ್ಯಲು ಎರಡು ದಿನ ಹಾಳಾಗುತ್ತಿದ್ದವು. ಪಟೇಲನ ಫೋನು ಒಂದು ಫೋಟೊದಲ್ಲಿ ಮುಗಿಸುತ್ತದೆ. ಇದು ಸಣ್ಣ ಉಪಕಾರವಲ್ಲ.

ಹೋದ ತಿಂಗಳು ಒಬ್ಬ ಆಯಿ ಬಂದಳು. ಭೂದಾಖಲೆಯ ಧರಣಿ ಪೋರ್ಟಲ್ ಕಾಲದಲ್ಲಿ ಬಂದ ಹೊಲದ ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ತಪ್ಪಾಗಿದೆ. ಈಗ ಅದರ ಬದಲು ಭೂ ಭಾರತಿ ಬಂದಿದೆಯಲ್ಲ, ತಿದ್ದಿಸಬೇಕು. ಸೆರಗಿನ ಗಂಟು ಬಿಚ್ಚಿ, ಪಾಸ್‌ಬುಕ್ಕಿನ ಜೊತೆಗೆ 1954-55ರ ಖಾಸ್ರಾ ಪಹಣಿಯ ನಕಲನ್ನೂ ಕೊಟ್ಟಳು. ಮಡಿಚಿದ ಕಡೆ ಹರಿದು, ಉರ್ದು ಅಕ್ಷರ ಇರುವೆ ಸಾಲಿನಂತೆ ಕಾಣುತ್ತಿತ್ತು. ಪಟೇಲ್ ಫೋಟೊ ಹೊಡೆದ. ಪಟ್ವಾರಿ ಓದಿದ, ಗಿರ್ದಾವರ್ ಶಹಬ್ಬಾಸ್ ಎಂದ. ತೆಲುಗು ಅರ್ಜಿ ತಯಾರು. ಆಯಿಗೆ ತಿಳಿಯಲೆಂದು ಅದನ್ನೇ ಕನ್ನಡದಲ್ಲಿ ಗಟ್ಟಿಯಾಗಿ ಓದಿದ.

"ಸದರಿ ಸಂತೋಷದ ಭೂಮಿಯ ವಿಸ್ತೀರ್ಣ 2.20 ಎಕರೆ, ಅಂದರೆ 2 ಎಕರೆ 8 ಗುಂಟೆ..."

"ತಡಿ ತಮ್ಮಾ," ಎಂದಳು ಆಯಿ. "ಎಂಟಲ್ಲ, ಇಪ್ಪತ್ತು ಗುಂಟೆ ಅದ."

"ಮಷೀನ್ ಲೆಕ್ಕ ತಪ್ಪಂಗಿಲ್ಲ ಆಯಿ."

"ಮಷೀನ್ ನಮ್ಮ ಬದು ತುಳದದ ಏನು?"

ನಮ್ಮಲ್ಲಿ 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ನಡುವಿನ ಚುಕ್ಕೆ ಬರೀ ಗೋಡೆ. ಮಷೀನು ಅದನ್ನು ಶಾಲೆಯ ದಶಾಂಶ ಎಂದುಕೊಂಡು, ಇಪ್ಪತ್ತನ್ನು ಎಂಟು ಮಾಡಿತ್ತು. ಹನ್ನೆರಡು ಗುಂಟೆ ಗಾಳಿಗೆ ಹೋಯಿತು. ಅಷ್ಟು ನೆಲ ನುಂಗಲು ಹಿಂದಿನವರು ಬದುವನ್ನು ವರ್ಷಕ್ಕೊಂದು ಗೇಣು ಸರಿಸುತ್ತ ಒಂದೆರಡು ತಲೆಮಾರು ಕಾಯುತ್ತಿದ್ದರು. ಇಲ್ಲಿ ಹತ್ತು ಸೆಕೆಂಡೂ ಆಗಲಿಲ್ಲ. ಕೆಲಸದ ವೇಗ ಹೆಚ್ಚುತ್ತದೆ ಎಂದು ಪಟೇಲ್ ಹೇಳುತ್ತಿದ್ದದ್ದು ಸುಳ್ಳಲ್ಲ.

"ಮತ್ತ ಈ ಸಂತೋಷದ ಭೂಮಿ ಅಂದ್ರ ಯಾವುದು?" ಆಯಿ ಬಿಡಲಿಲ್ಲ. "ಎರಡು ಬೋರ್ ಹಾಕ್ಸೀವಿ, ಮಣ್ಣು ಬಂತು. ಹೋದ ವರ್ಷ ತೊಗರಿ ಒಣಗ್ತು. ಸಂತೋಷ ಎಲ್ಲದ ಅದರಾಗ?"

ನನಗೆ ಆಗ ಹೊಳೆಯಿತು. ಪಹಣಿಯಲ್ಲಿದ್ದದ್ದು ಖುಷ್ಕಿ. ಒಣ ಬೇಸಾಯದ ನೆಲ, ಮಳೆ ಬಂದರೆ ಉಂಟು. ಮಷೀನು ಅದನ್ನು ಖುಷಿ ಎಂದು ಓದಿತ್ತು.

ಪಟೇಲ್ ಮುಖ ಬಾಡಿಸಿಕೊಂಡು ಎರಡೂ ತಪ್ಪನ್ನು ಫೋನಿಗೆ ಹೇಳಿದ. ಉತ್ತರ ತಕ್ಷಣ ಬಂತು. ನೀವು ಹೇಳಿದ್ದು ನೂರಕ್ಕೆ ನೂರು ಸರಿ, ತಪ್ಪಾಗಿದೆ, ಕ್ಷಮಿಸಿ. ಪಟೇಲನ ಮುಖ ಮತ್ತೆ ಅರಳಿತು.

"ನೋಡ್ರಿ ಕಾಕಾ, ತಪ್ಪು ಒಪ್ಕೊಂಡದ! ಯಾವ ಪಟ್ವಾರಿ ಹಿಂಗ ಒಪ್ಕೊಂಡಿದ್ದ ಹೇಳ್ರಿ?"

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ತಿದ್ದಿದ ಅರ್ಜಿ ಮೂರು ಪುಟವೇ ಬಂತು. ಅದರಲ್ಲಿ ರೈತ ದೇಶದ ಬೆನ್ನೆಲುಬು ಎಂಬುದೂ ಇತ್ತು. ಆಯಿ ಎಲ್ಲ ಓದಿಸಿ ಕೇಳಿ, ಗಂಡನ ಹೆಸರು, ಸರ್ವೇ ನಂಬರು, ಎಕರೆ-ಗುಂಟೆ ಇಷ್ಟೇ ಸಾಕೆಂದಳು. ಅರ್ಧ ಪುಟಕ್ಕೆ ಇಳಿಯಿತು. ಒಂದು ಪುಟದ ರೊಕ್ಕ ಎಣಿಸಿ ಕೊಟ್ಟು, ಹೆಬ್ಬೆಟ್ಟು ಒತ್ತಿ ಹೋದಳು.

ಪಟೇಲನ ಕಂಪ್ಯೂಟರಿನ ಮೇಲೆ ಈಗ ಲ್ಯಾಮಿನೇಷನ್ ಮಾಡಿದ ಒಂದು ಚೀಟಿ ಅಂಟಿಸಿದೆ. "1 ಎಕರೆ = 40 ಗುಂಟೆ, ಖುಷ್ಕಿ = ಒಣ ಹೊಲ." ಅದನ್ನು ಅವನು ಕೈಯಲ್ಲೇ ಬರೆದಿದ್ದಾನೆ.