ಪೂಜಾರಿ ಕೊಡದ ವರ

ಸ್ಟೋರ್ಡ್ ಪ್ರೊಸೀಜರ್ ಬರೆಯುವವರು ಬೇರೆ, ಕರೆಯುವವರು ಬೇರೆ. ಬರೆಯುವ ಡಿಬಿಎ ಮಹಾಶಯರು ಬಡ್ಡಿ, ಬಾಕಿ, ರಿಯಾಯಿತಿಗಳ ಲೆಕ್ಕವನ್ನೆಲ್ಲ ಡೇಟಾಬೇಸಿನ ಹೊಟ್ಟೆಯೊಳಗಿಟ್ಟು, "ಒಂದು ಕಾಲ್ ಮಾಡಿದ್ರಾಯ್ತಲ್ಲ" ಎಂದು ಕಾಫಿಗೆ ಹೊರಡುತ್ತಾರೆ. ಕಾಲ್ ಮಾಡಬೇಕಾದ ಪಾಪಿಗಳು ನಾವು, ಸ್ಕ್ರಿಪ್ಟ್ ಬರೆಯುವವರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗಾದೆ ಕಟ್ಟಿದವರು ಸ್ಕ್ರಿಪ್ಟಿಗೂ ಡೇಟಾಬೇಸಿಗೂ ನಡುವೆ ನಿಲ್ಲುವ ಡ್ರೈವರನ್ನು ಕಂಡಿರಲಿಲ್ಲ. ಕಂಡಿದ್ದರೆ ಪೂಜಾರಿಯನ್ನು ಮನ್ನಿಸಿಬಿಡುತ್ತಿದ್ದರು.

ಪೈಥಾನಿನಲ್ಲಿ ಇದಕ್ಕೆ ಶಾಸ್ತ್ರವೇನೋ ಇದೆ, ಪೆಪ್ 249 ಎಂದು. ಕಾಲ್‌ಪ್ರಾಕ್ ಎಂಬ ಮೆಥಡ್ಡಿಗೆ ಪ್ರೊಸೀಜರಿನ ಹೆಸರು, ಪ್ಯಾರಾಮೀಟರುಗಳನ್ನು ಕೊಡಿ. ಅವುಗಳ ನಕಲೊಂದು ಮರಳಿ ಬರುತ್ತದೆ, ಔಟ್ ಪ್ಯಾರಾಮೀಟರಿನ ಜಾಗದಲ್ಲಿ ಉತ್ತರ ಕೂತಿರುತ್ತದೆ. ಎಷ್ಟು ಚೆಂದ! ಆದರೆ ಅದೇ ಶಾಸ್ತ್ರ, ಈ ಮೆಥಡ್ ಐಚ್ಛಿಕ ಎಂದೂ ಹೇಳಿಬಿಟ್ಟಿದೆ. ಇಷ್ಟು ಸಾಕಲ್ಲ, ಒಬ್ಬೊಬ್ಬ ಪೂಜಾರಿಗೆ ಒಂದೊಂದು ಪದ್ಧತಿ.

ಮೈಎಸ್‌ಕ್ಯೂಎಲ್‌ಗೆ ಹೋಗುವ ಪೈಮೈಎಸ್‌ಕ್ಯೂಎಲ್, ನಾವು ಕೊಟ್ಟ ಪ್ಯಾರಾಮೀಟರುಗಳನ್ನೇ ನಗುನಗುತ್ತಾ ನಮ್ಮ ಕೈಗೆ ವಾಪಸು ಕೊಡುತ್ತದೆ. ಉತ್ತರ? ಅದು ಸರ್ವರಿನಲ್ಲಿ, ಪ್ರೊಸೀಜರಿನ ಹೆಸರು ಹೊತ್ತ ವೇರಿಯಬಲ್ಲಿನಲ್ಲಿ ಅವಿತಿರುತ್ತದೆ. ಇನ್ನೊಂದು ಸೆಲೆಕ್ಟ್ ಬರೆದು ಬೇಡಿಕೊಳ್ಳಬೇಕು. ಪಿಎಚ್‌ಪಿಯ ಮೈಎಸ್‌ಕ್ಯೂಎಲ್‌ಐನಲ್ಲಿ ಬೇರೆಯೇ ಫಜೀತಿ. ಫಲಿತಾಂಶವೆಲ್ಲ ಬಂದಮೇಲೂ 'ಕೆಲಸ ಮುಗಿಯಿತು' ಎನ್ನುವ ಖಾಲಿ ಉತ್ತರವೊಂದು ಬಾಗಿಲಲ್ಲೇ ನಿಂತಿರುತ್ತದೆ. ಅದನ್ನು ಮಾತನಾಡಿಸದೆ ಮುಂದಿನ ಕ್ವೆರಿ ಕಳಿಸಿದರೆ 'ಕಮಾಂಡ್ಸ್ ಔಟ್ ಆಫ್ ಸಿಂಕ್', ದೋಷ ಸಂಖ್ಯೆ 2014. ಏನೂ ಇಲ್ಲದ ಉತ್ತರಕ್ಕೆ ಇಷ್ಟೊಂದು ಸ್ವಾಭಿಮಾನ!

ಪೋಸ್ಟ್‌ಗ್ರೆಸ್‌ನದು ಇನ್ನೂ ಸ್ವಾರಸ್ಯ. ಅಲ್ಲಿ ನಿಜವಾದ ಪ್ರೊಸೀಜರ್ ಹುಟ್ಟಿದ್ದೇ 2018ರ 11ನೇ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಫಂಕ್ಷನ್ನುಗಳದ್ದೇ ರಾಜ್ಯ. ಹಾಗಾಗಿ ಅದರ ಪೈಥಾನ್ ಡ್ರೈವರ್ ಸೈಕೋಪಿಜಿ2ರ ಕಾಲ್‌ಪ್ರಾಕ್ ಕರೆಯುವುದು ಫಂಕ್ಷನ್ನನ್ನು. ಪ್ರೊಸೀಜರಿನ ಹೆಸರು ಕೊಟ್ಟರೆ, 'ಇದು ಪ್ರೊಸೀಜರ್, ಕಾಲ್ ಬಳಸಿ' ಎಂದು ಸರ್ವರ್ ಗದರುತ್ತದೆ. ಸೈಕೋಪಿಜಿ 3 ಆ ಮೆಥಡ್ಡನ್ನೇ ಕೈಬಿಟ್ಟಿತು. ಒಳ್ಳೆಯದೇ ಮಾಡಿತು ಎನ್ನುತ್ತೇನೆ ನಾನು.

ಎಸ್‌ಕ್ಯೂಎಲ್ ಸರ್ವರಿಗೆ ಹೋಗುವ ಪೈಒಡಿಬಿಸಿಯಲ್ಲಿ ಕಾಲ್‌ಪ್ರಾಕ್ ಇಲ್ಲವೇ ಇಲ್ಲ. ಎಸ್‌ಕ್ಯೂಲೈಟ್‌ನಲ್ಲಿ ಪ್ರೊಸೀಜರೇ ಇಲ್ಲ, ಜಗಳವೂ ಇಲ್ಲ. ಒರಾಕಲ್‌ನ ಡ್ರೈವರ್ ಮಾತ್ರ ಔಟ್ ಪ್ಯಾರಾಮೀಟರಿನ ಬೆಲೆಯನ್ನು ಶಾಸ್ತ್ರೋಕ್ತವಾಗಿ ಕೈಗಿಡುತ್ತದೆ.

ಡಿಬಿಎ ಮಹಾಶಯರೇ, ಮುಂದಿನ ಸಲ ಔಟ್ ಪ್ಯಾರಾಮೀಟರ್ ಬರೆಯುವ ಮುನ್ನ ಕೊನೆಯಲ್ಲೊಂದು ಸಾದಾ ಸೆಲೆಕ್ಟ್ ಹಾಕಲು ಆಗುತ್ತದೆಯೇ ನೋಡಿ. ಕಾಫಿ ನಮ್ಮ ಲೆಕ್ಕದಲ್ಲಿ.