ಶ್ರೀಮಾನ್ ಇಬ್ಬರೂ ಬೇಡಪ್ಪನವರು

ನಾಲ್ಕು ವರ್ಷಕ್ಕೊಮ್ಮೆ ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂದಾಗ ಟಿವಿಯಲ್ಲಿ ಕಾಣುವ ಇಬ್ಬರು ಅಭ್ಯರ್ಥಿಗಳಲ್ಲದೆ ಇನ್ನೊಬ್ಬ ದೊಡ್ಡ ಮನುಷ್ಯರೂ ಊರೂರಲ್ಲಿ ಎದ್ದು ಕೂರುತ್ತಾರೆ. ಅವರಿಗೆ ಪಕ್ಷವಿಲ್ಲ, ಪ್ರಣಾಳಿಕೆಯಿಲ್ಲ, ಗೆಲ್ಲುವ ಹಂಬಲವಂತೂ ಮೊದಲೇ ಇಲ್ಲ. ಯಾರ ಹೆಸರು ಹೇಳಿದರೂ ತಲೆ ಅಡ್ಡಡ್ಡ ಆಡಿಸುವುದೇ ಅವರ ರಾಜಕೀಯ. ಅನುಕೂಲಕ್ಕೆ ಅವರನ್ನು ಶ್ರೀಮಾನ್ ಇಬ್ಬರೂ ಬೇಡಪ್ಪನವರು ಎಂದು ಕರೆಯೋಣ. ಶ್ರೀಮತಿ ಇಬ್ಬರೂ ಬೇಡಮ್ಮನವರಿಗೂ ಈ ಲೇಖನದಲ್ಲಿ ಸಮಪಾಲು ಇದೆಯೆಂದು ತಿಳಿಯತಕ್ಕದ್ದು. ಅಲ್ಲಿನ ಸಮೀಕ್ಷೆಯವರು ಈ ಬಳಗಕ್ಕೆ 'ಡಬಲ್ ಹೇಟರ್ಸ್' ಎಂದು ಹೆಸರಿಟ್ಟಿದ್ದಾರೆ. 2016ರಲ್ಲಿ ಹಿಲರಿ ಕ್ಲಿಂಟನ್ ಮತ್ತು ಡೊನಾಲ್ಡ್ ಟ್ರಂಪ್ ಎದುರುಬದುರಾದಾಗ, ಮತಗಟ್ಟೆ ಸಮೀಕ್ಷೆಯ ಪ್ರಕಾರ, ವೋಟು ಹಾಕಿ ಬಂದವರಲ್ಲೇ ಶೇ. 18ರಷ್ಟು ಮಂದಿಗೆ ಇಬ್ಬರೂ ಹಿಡಿಸಿರಲಿಲ್ಲ. ಅಂದರೆ ಎರಡು ಕೋಟಿಗೂ ಮೀರಿದ ಬೇಡಪ್ಪಂದಿರು. ಇವರಲ್ಲಿ ಶೇ. 47 ಮಂದಿ ಕೊನೆಗೆ ಟ್ರಂಪ್‌ಗೂ ಶೇ. 30 ಮಂದಿ ಹಿಲರಿಗೂ ಒತ್ತಿದರು. ತಮಗೆ ಒಂದು ವೋಟೂ ಇಲ್ಲದ ಆ ಚುನಾವಣೆಯ ಫಲಿತಾಂಶಕ್ಕೆ ಬೆಳಗಿನ ಕಾಫಿ ಆರಲು ಬಿಟ್ಟು ಟಿವಿ ಮುಂದೆ ಕೂರುವ ನಮ್ಮಂಥವರು ಬೇಡಪ್ಪನವರನ್ನು ಗೇಲಿ ಮಾಡುವುದು ಎಷ್ಟು ಸರಿ ಎಂಬ ಪ್ರಶ್ನೆ ಬೇರೆ. ಆದರೂ ಮಾಡದೆ ಇರಲಾಗದು.

ಬೇಡಪ್ಪನವರನ್ನು ಗುರುತಿಸುವುದು ಸುಲಭ. ಮಾತು ಎಲ್ಲಿಂದ ಶುರುವಾದರೂ '33 ಕೋಟಿ ಜನರಿರುವ ದೇಶಕ್ಕೆ ಸಿಕ್ಕಿದ್ದು ಇವರಿಬ್ಬರೇನಾ?' ಎಂಬಲ್ಲಿಗೆ ಬಂದು ನಿಲ್ಲುತ್ತದೆ. 2016ರಲ್ಲಿ ಅವರ ಕಾರಿನ ಹಿಂಭಾಗದಲ್ಲಿ ದೈತ್ಯ ಉಲ್ಕೆಯೊಂದನ್ನು ಅಧ್ಯಕ್ಷ ಸ್ಥಾನಕ್ಕೆ ಸೂಚಿಸುವ ಸ್ಟಿಕ್ಕರ್ ಇತ್ತು. ಇವರಲ್ಲೊಬ್ಬರು ಆಳುವ ಬದಲು ಭೂಮಿಗೆ ಉಲ್ಕೆ ಬಡಿದು ಎಲ್ಲ ಮುಗಿದುಹೋಗಲಿ ಎಂಬುದು ಅದರ ಪ್ರಣಾಳಿಕೆ. ಸಮೀಕ್ಷೆ ಸಂಸ್ಥೆಯೊಂದು ಉಲ್ಕೆಯ ಹೆಸರನ್ನೂ ಸೇರಿಸಿ ಕೇಳಿದಾಗ ಅದಕ್ಕೆ ಶೇ. 13 ಬೆಂಬಲ ಬಂತು. ನಿಜವಾದ ಮೂರನೇ ಪಕ್ಷಗಳು ಹೊಟ್ಟೆಕಿಚ್ಚು ಪಡುವಂಥ ಅಂಕಿ ಅದು. ಬೇಡಪ್ಪನವರು ತಮ್ಮನ್ನು 'ಇಂಡಿಪೆಂಡೆಂಟ್' ಎಂದು ಕರೆದುಕೊಳ್ಳುತ್ತಾರೆ. 2023ರಲ್ಲಿ ಗ್ಯಾಲಪ್ ಸಂಸ್ಥೆಗೆ ಹಾಗೆ ಹೇಳಿಕೊಂಡವರು ಶೇ. 43. ಆದರೆ ಪ್ಯೂ ಸಂಸ್ಥೆಯವರು 2019ರಲ್ಲಿ ಸ್ವಲ್ಪ ಕೆದಕಿ ನೋಡಿದಾಗ ಯಾವ ಕಡೆಗೂ ವಾಲದವರು ಶೇ. 7ರಷ್ಟು ಮಾತ್ರ ಸಿಕ್ಕರು. ಈ ಬೇಸರ ಮೊನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. 1996ರ ಚುನಾವಣೆಗೆ ಮುಂಚೆ 'ದಿ ಸಿಂಪ್ಸನ್ಸ್' ಕಾರ್ಟೂನ್ ಸರಣಿಯಲ್ಲಿ ಬಿಲ್ ಕ್ಲಿಂಟನ್ ಮತ್ತು ಬಾಬ್ ಡೋಲ್ ವೇಷದಲ್ಲಿ ಅನ್ಯಗ್ರಹದ ಇಬ್ಬರು ಜೀವಿಗಳು ಬಂದರೂ, ಮೂರನೆಯವರಿಗೆ ಹಾಕಿದ ವೋಟು ವ್ಯರ್ಥವೆಂದು ಜನ ಅವರಲ್ಲೇ ಒಬ್ಬರನ್ನು ಆರಿಸುವ ಕಥೆ ಪ್ರಸಾರವಾಗಿತ್ತು.

ಇಷ್ಟನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಬೇಡಪ್ಪನವರು ಮತಪತ್ರದ ಮುಂದೆ ಕೂತಾಗ ತೋರುವ ಗಾಂಭೀರ್ಯ. ಅಮೆರಿಕದ ಮತಪತ್ರ ನಮ್ಮ ಹಾಗೆ ಒಂದು ಗುಂಡಿ ಒತ್ತಿ ಮನೆಗೆ ಹೋಗುವ ವ್ಯವಹಾರವಲ್ಲ. ಅಧ್ಯಕ್ಷರಿಂದ ಹಿಡಿದು ಸೆನೆಟರ್, ಶಾಲಾ ಮಂಡಳಿ ಸದಸ್ಯರು, ಹಲವೆಡೆ ನ್ಯಾಯಾಧೀಶರು, ಷೆರಿಫ್, ಜೊತೆಗೆ ತೆರಿಗೆ ಬೇಕೋ ಬೇಡವೋ ಎಂಬ ಪ್ರಶ್ನೆಗಳು, ಎಲ್ಲಕ್ಕೂ ಪೆನ್ನಿನಿಂದ ಸಣ್ಣ ಸಣ್ಣ ಮೊಟ್ಟೆಯಾಕಾರ ತುಂಬಬೇಕು. ಬೇಡಪ್ಪನವರು ಶಾಲಾ ಮಂಡಳಿಯ ಮೊಟ್ಟೆಯನ್ನು ಅಂಚು ಮೀರದಂತೆ ತುಂಬುತ್ತಾರೆ, ಅಧ್ಯಕ್ಷರ ಸಾಲನ್ನು ಖಾಲಿ ಬಿಡುತ್ತಾರೆ. 2016ರಲ್ಲಿ ಮಿಷಿಗನ್ ರಾಜ್ಯವೊಂದರಲ್ಲೇ ಸುಮಾರು 75 ಸಾವಿರ ಮತಪತ್ರಗಳಲ್ಲಿ ಅಧ್ಯಕ್ಷರ ಆಯ್ಕೆ ದಾಖಲಾಗಲಿಲ್ಲ. ಅಷ್ಟೂ ಬೇಸರದ ಫಲ ಎನ್ನಲಾಗದು. ಆದರೆ ಟ್ರಂಪ್ ಅಲ್ಲಿ ಗೆದ್ದ ಅಂತರ 10,704. ಖಾಲಿ ಬಿಡಲು ಮನಸ್ಸು ಬಾರದವರಿಗೆ ಇಷ್ಟ ಬಂದ ಹೆಸರು ಬರೆಯಲು ಕೆಳಗೊಂದು ಗೆರೆ ಇರುತ್ತದೆ. 2012ರಲ್ಲಿ ಸ್ವತಃ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಮಿಟ್ ರಾಮ್ನಿ 2016ರಲ್ಲಿ ಆ ಗೆರೆಯ ಮೇಲೆ ತಮ್ಮ ಹೆಂಡತಿಯ ಹೆಸರು ಬರೆದರು. ಮೇರಿಲ್ಯಾಂಡ್ ರಾಜ್ಯಪಾಲರಾಗಿದ್ದ ಲ್ಯಾರಿ ಹೋಗನ್ 2016ರಲ್ಲಿ ತಮ್ಮ ತಂದೆಯ ಹೆಸರನ್ನೂ 2020ರಲ್ಲಿ ರೊನಾಲ್ಡ್ ರೇಗನ್ ಹೆಸರನ್ನೂ ಬರೆದರು. ರೇಗನ್ ತೀರಿಕೊಂಡು ಆಗಲೇ 16 ವರ್ಷವಾಗಿತ್ತು. ಮನೆಯಲ್ಲಿ ಹೆಂಡತಿಯ ಮಾತು ನಡೆಯುವುದು ಎಲ್ಲ ದೇಶದಲ್ಲೂ ಇರುವುದೇ. ಅದಕ್ಕೆ ಮತಪೆಟ್ಟಿಗೆಯ ಸಾಕ್ಷಿ ಬೇಕಿರಲಿಲ್ಲ. ಬಹುತೇಕ ರಾಜ್ಯಗಳಲ್ಲಿ ಮುಂಚಿತವಾಗಿ ಅರ್ಜಿ ಹಾಕದವರಿಗೆ ಹೀಗೆ ಬರೆದ ವೋಟುಗಳನ್ನು ಹೆಸರು ಹಿಡಿದು ಎಣಿಸುವುದೂ ಇಲ್ಲ. ಆದರೂ ಬರೆದವರು ತಮ್ಮ ಆತ್ಮಸಾಕ್ಷಿಗೆ ದೇಶವೇ ಕಿವಿಗೊಟ್ಟಿದೆ ಎಂಬ ಸಮಾಧಾನದಲ್ಲಿ ಮನೆಗೆ ಹೋಗುತ್ತಾರೆ.

ಬೇಡಪ್ಪನವರ ಬೇಸರ ಸುಳ್ಳೆಂದು ಯಾರೂ ಹೇಳಲಾರರು. ತಕರಾರಿರುವುದು ಅದು ಬರುವ ಹೊತ್ತಿನ ಬಗ್ಗೆ. ನವೆಂಬರಿನಲ್ಲಿ ಎದುರಾಗುವ ಎರಡು ಹೆಸರುಗಳು ಆಕಾಶದಿಂದ ಉದುರಿದವಲ್ಲ. ವರ್ಷದ ಮೊದಲರ್ಧದಲ್ಲಿ ಪಕ್ಷಗಳ ಅಭ್ಯರ್ಥಿಯನ್ನು ಆರಿಸಲು ರಾಜ್ಯ ರಾಜ್ಯಗಳಲ್ಲಿ ನಡೆಯುವ ಪ್ರೈಮರಿ ಮತ್ತು ಕಾಕಸ್‌ಗಳಲ್ಲಿ ಅವು ತೀರ್ಮಾನವಾಗುತ್ತವೆ. 2016ರಲ್ಲಿ ಮತದಾನದ ಅರ್ಹತೆಯಿದ್ದವರಲ್ಲಿ ಪ್ರೈಮರಿಗಳಿಗೆ ಹೋದವರು ಮೂರನೇ ಒಂದು ಭಾಗಕ್ಕಿಂತ ಕಡಿಮೆ; ಮಕ್ಕಳುಮರಿ ಎಲ್ಲ ಸೇರಿ ದೇಶದ ಜನಸಂಖ್ಯೆಯಲ್ಲಿ ಹಿಲರಿಯನ್ನೋ ಟ್ರಂಪ್‌ರನ್ನೋ ಆರಿಸಿ ಕಳಿಸಿದವರು ಶೇ. 9 ಎಂದು 'ನ್ಯೂಯಾರ್ಕ್ ಟೈಮ್ಸ್' ಲೆಕ್ಕ ಹಾಕಿತ್ತು. 2024ರ ಜನವರಿ 15ರಂದು, ಮೈ ಕೊರೆಯುವ ಚಳಿಯಲ್ಲಿ, 32 ಲಕ್ಷ ಜನಸಂಖ್ಯೆಯ ಅಯೋವಾದಲ್ಲಿ ರಿಪಬ್ಲಿಕನ್ ಕಾಕಸ್‌ಗೆ ಬಂದವರು ಸುಮಾರು 1 ಲಕ್ಷ 10 ಸಾವಿರ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವಾಗ ಹಿತ್ತಲ ಕಡೆ ಹೋಗಿದ್ದು, ಬಡಿಸುವ ಹೊತ್ತಿಗೆ ಎಲೆ ಮುಂದೆ ಕೂತು ಹುಳಿಗೆ ಉಪ್ಪಿಲ್ಲ ಎನ್ನುವ ನೆಂಟರಿಗೂ ಇವರಿಗೂ ಏನು ವ್ಯತ್ಯಾಸ? ಅದೇ ವರ್ಷ ಜುಲೈ 21ರಂದು ಜೋ ಬೈಡನ್ ಹಿಂದೆ ಸರಿದು ಕಮಲಾ ಹ್ಯಾರಿಸ್ ಬಂದಾಗ ಬೇಡಪ್ಪನವರ ಬಳಗದಲ್ಲಿ ಅನೇಕರು ಸಮಾಧಾನಗೊಂಡರು. ಉಳಿದವರು ಹೊಸ ತಕರಾರು ತೆಗೆದರು: 'ಆಕೆ ಒಂದು ಪ್ರೈಮರಿಯನ್ನೂ ಗೆಲ್ಲದೆ ಬಂದವರಲ್ಲವೇ?' ಜನ್ಮದಲ್ಲಿ ಒಂದು ಪ್ರೈಮರಿಯ ಬಾಗಿಲು ನೋಡದವರ ಬಾಯಲ್ಲಿ ಈ ಮಾತು ಕೇಳಲು ಸೊಗಸಾಗಿತ್ತು.

ಇಲ್ಲಿ ಬೇಡಪ್ಪನವರು ಎದ್ದು ನಿಂತು ಕೇಳುವ ಪ್ರಶ್ನೆ ನ್ಯಾಯವಾದದ್ದೇ: 'ಹೋಗೋಣವೆಂದರೆ ಬಾಗಿಲು ತೆರೆದಿದ್ದರಲ್ಲವೇ?' ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಫ್ಲಾರಿಡಾದಂಥ ರಾಜ್ಯಗಳಲ್ಲಿ ಪಕ್ಷದ ಹೆಸರಲ್ಲಿ ನೋಂದಾಯಿಸಿಕೊಳ್ಳದವರಿಗೆ ಆ ಪಕ್ಷದ ಪ್ರೈಮರಿಯಲ್ಲಿ ವೋಟಿಲ್ಲ. 2016ರ ಏಪ್ರಿಲಿನ ನ್ಯೂಯಾರ್ಕ್ ಪ್ರೈಮರಿಗೆ ಪಕ್ಷ ಬದಲಿಸುವ ಗಡುವು ಹಿಂದಿನ ಅಕ್ಟೋಬರಿನಲ್ಲೇ ಮುಗಿದಿತ್ತು. ಗಡುವು ತಪ್ಪಿಸಿಕೊಂಡವರಲ್ಲಿ ಟ್ರಂಪ್ ಮಕ್ಕಳಾದ ಇವಾಂಕಾ ಮತ್ತು ಎರಿಕ್ ಕೂಡ ಇದ್ದರು. ಹೆತ್ತ ತಂದೆಗೇ ವೋಟು ಹಾಕಲಾಗಲಿಲ್ಲ. ಸಾಲದ್ದಕ್ಕೆ, 2024ರಲ್ಲಿ ಬೈಡನ್ ಮತ್ತು ಟ್ರಂಪ್ ಇಬ್ಬರೂ ಮಾರ್ಚ್ 12ಕ್ಕೇ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯಾಗಲು ಬೇಕಾದಷ್ಟು ಪ್ರತಿನಿಧಿಗಳನ್ನು ಗಳಿಸಿ ಕೈತೊಳೆದುಕೊಂಡಿದ್ದರು. ನ್ಯೂಜೆರ್ಸಿ, ಮೊಂಟಾನಾದವರ ಸರದಿ ಬಂದದ್ದು ಜೂನಿನಲ್ಲಿ. ಇದೆಲ್ಲ ಒಪ್ಪತಕ್ಕದ್ದೇ. ಆದರೆ ಈ ಬೀಗ ತೆಗೆಯುವ ಅವಕಾಶ ಬಂದಾಗ ಏನಾಯಿತು? 2024ರ ನವೆಂಬರಿನಲ್ಲಿ ನೆವಾಡಾ, ಕೊಲೊರಾಡೊ, ಐಡಾಹೊ ರಾಜ್ಯಗಳ ಮತದಾರರ ಮುಂದೆ ಪ್ರೈಮರಿಯನ್ನು ಎಲ್ಲರಿಗೂ ತೆರೆಯುವ, ಒಬ್ಬರಿಗೇ ಗಂಟು ಬೀಳದೆ ಒಂದು, ಎರಡು, ಮೂರು ಎಂದು ಕ್ರಮಾಂಕ ಕೊಟ್ಟು ಮತ ಹಾಕುವ ಪ್ರಸ್ತಾವ ಬಂತು. ಅಧ್ಯಕ್ಷ ಸ್ಥಾನವನ್ನು ಮುಟ್ಟದ ಸಣ್ಣ ಹೆಜ್ಜೆ ಅದು. ಮೂರೂ ಕಡೆ ಜನ ಅದನ್ನು ತಿರಸ್ಕರಿಸಿದರು. ಮೂರನೇ ಪಕ್ಷ ಬೇಕೆಂದು 2023ರಲ್ಲಿ ಗ್ಯಾಲಪ್‌ಗೆ ಹೇಳಿದವರು ಶೇ. 63. ಬೇಕೆನ್ನುವವರು ಅಷ್ಟು ಮಂದಿ, ಅದಕ್ಕೆ ದಾರಿ ಮಾಡುವ ದಿನ ಬೇಡವೆನ್ನುವವರೇ ಹೆಚ್ಚು.

ಅವರ ಎರಡನೇ ವಾದ: 'ನನ್ನ ವೋಟು ಪ್ರತಿಭಟನೆ, ಅದರಿಂದ ಪಕ್ಷಗಳಿಗೆ ಪಾಠವಾಗುತ್ತದೆ.' ನೆವಾಡಾದಲ್ಲಿ ಈ ಪಾಠಕ್ಕೆಂದೇ 1976ರಿಂದ ಮತಪತ್ರದಲ್ಲಿ 'ಈ ಅಭ್ಯರ್ಥಿಗಳಲ್ಲಿ ಯಾರೂ ಅಲ್ಲ' ಎಂಬ ಸಾಲಿದೆ. ನಮ್ಮ ನೋಟಾಗಿಂತ ಮೂರೂವರೆ ದಶಕ ಹಿರಿಯದು. 2014ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ರಾಜ್ಯಪಾಲ ಸ್ಥಾನಕ್ಕೆ 'ಯಾರೂ ಅಲ್ಲ'ವೇ ಮೊದಲು ಬಂತು. ಎರಡನೆಯವರಾಗಿ ಬಂದ ಮನುಷ್ಯಮಾತ್ರರು ಅಭ್ಯರ್ಥಿಯಾದರು. 2024ರಲ್ಲಿ ಅಧ್ಯಕ್ಷ ಸ್ಥಾನದ ರಿಪಬ್ಲಿಕನ್ ಪ್ರೈಮರಿಯಲ್ಲಿ 'ಯಾರೂ ಅಲ್ಲ' ಟ್ರಂಪ್‌ರ ಎದುರಾಳಿ ನಿಕ್ಕಿ ಹೇಲಿಯವರನ್ನು ಸೋಲಿಸಿತು. ಆದರೆ ಆ ಸಾಲನ್ನು ಮುಖ್ಯವಾಗಿ ತುಂಬಿದ್ದು ಆ ಮತಪತ್ರದಲ್ಲಿ ಹೆಸರಿಲ್ಲದಿದ್ದ ಟ್ರಂಪ್‌ರ ಬೆಂಬಲಿಗರು. ಬೇಡಪ್ಪನವರಿಗೆಂದು ಇದ್ದ ಒಂದು ಸಾಲನ್ನೂ ಬೇಕಪ್ಪನವರು ಹೈಜಾಕ್ ಮಾಡಿದ ಹಾಗಾಯಿತು. ಮೂರನೆಯವರಿಗೆ ವೋಟು ಹಾಕಿದರೆ? 2000ದಲ್ಲಿ ಫ್ಲಾರಿಡಾದಲ್ಲಿ ರಾಲ್ಫ್ ನೇಡರ್‌ಗೆ 97 ಸಾವಿರ ಮತ ಬಿತ್ತು, ಬುಷ್ ಅಲ್ಲಿ ಗೆದ್ದ ಅಂತರ 537. 1992ರಲ್ಲಿ ರಾಸ್ ಪೆರೊಗೆ ಸುಮಾರು ಶೇ. 19 ಮತ ಸಿಕ್ಕರೂ, ಅಧ್ಯಕ್ಷರನ್ನು ತೀರ್ಮಾನಿಸುವ, ರಾಜ್ಯಗಳಿಗೆ ಹಂಚಿದ ಎಲೆಕ್ಟೊರಲ್ ಮತ ಒಂದೂ ಬರಲಿಲ್ಲ. ಆದರೂ ಪೆರೊ ಹಿಂದೆ ಹೋದವರು ಬರಿಗೈಯಲ್ಲಿ ಬಂದರೆನ್ನಲಾಗದು. ಬಜೆಟ್ ಕೊರತೆ ತಗ್ಗಿಸಿ ಎಂಬ ಸ್ಪಷ್ಟ ಬೇಡಿಕೆ ಅವರದಾಗಿತ್ತು, ಆಮೇಲೆ ಎರಡೂ ಪಕ್ಷಗಳು ಆ ಮಾತನ್ನೇ ಆಡಿದವು. 2024ರ ಫೆಬ್ರವರಿಯಲ್ಲಿ ಗಾಜಾ ಯುದ್ಧದ ವಿಷಯದಲ್ಲಿ ಬೈಡನ್ ಮೇಲೆ ಸಿಟ್ಟಾದ ಮಿಷಿಗನ್ ಡೆಮಾಕ್ರಟರಿಗೂ ಒಂದು ಬೇಡಿಕೆಯಿತ್ತು. ಅವರು ನವೆಂಬರಿನವರೆಗೆ ಕಾಯದೆ ಪ್ರೈಮರಿಗೇ ಬಂದರು. 1 ಲಕ್ಷಕ್ಕೂ ಹೆಚ್ಚು ಮಂದಿ 'ಅನ್‌ಕಮಿಟೆಡ್', ಅಂದರೆ ಯಾರಿಗೂ ಬದ್ಧರಲ್ಲ ಎಂಬ ಸಾಲು ತುಂಬಿದರು, ಸಮಾವೇಶಕ್ಕೆ ಇಬ್ಬರು ಪ್ರತಿನಿಧಿಗಳನ್ನೂ ಕಳಿಸಿದರು. ಕೇಳಿದ್ದೆಲ್ಲ ಸಿಗಲಿಲ್ಲ, ಆದರೆ ಅವರಿಗೆ ಏನು ಬೇಕಿತ್ತೆಂದು ಇಡೀ ದೇಶಕ್ಕೆ ಗೊತ್ತಾಯಿತು. ಹೆಂಡತಿಯ ಹೆಸರು ಬರೆದವರಿಗೆ ಏನು ಬೇಕಿತ್ತೆಂದು ಯಾರಿಗೆ ಗೊತ್ತು?

ಮೂರನೇ ವಾದ ಅವರಿಗೆ ಬಲು ಪ್ರೀತಿಯದು: 'ಇಬ್ಬರೂ ಒಂದೇ.' 2016ರಲ್ಲಿ ಗೆದ್ದ ಟ್ರಂಪ್ ಒಂದು ಅವಧಿಯಲ್ಲಿ ಸುಪ್ರೀಂ ಕೋರ್ಟಿಗೆ ಮೂವರು ನ್ಯಾಯಮೂರ್ತಿಗಳನ್ನು ನೇಮಿಸಿದರು. 2022ರ ಜೂನ್ 24ರಂದು ಅದೇ ಕೋರ್ಟು ಅರ್ಧ ಶತಮಾನದಿಂದಿದ್ದ ಗರ್ಭಪಾತದ ಹಕ್ಕನ್ನು ರದ್ದು ಮಾಡಿತು. ಅದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂಬ ಬಗ್ಗೆ ಅಲ್ಲಿ ಇನ್ನೂ ಜಗಳವಿದೆ. ಹಿಲರಿ ಗೆದ್ದಿದ್ದರೆ ಅದೇ ಮೂವರು ಬರುತ್ತಿದ್ದರು ಎಂದು ಮಾತ್ರ ಎರಡೂ ಕಡೆಯವರಲ್ಲಿ ಒಬ್ಬರೂ ಹೇಳುವುದಿಲ್ಲ. 'ಕಡಿಮೆ ಕೆಟ್ಟವರನ್ನು ಆರಿಸುತ್ತಾ ಹೋದರೆ ಕೆಟ್ಟವರೇ ಉಳಿಯುತ್ತಾರೆ' ಎಂಬ ಆಕ್ಷೇಪಕ್ಕೆ ಲೂಸಿಯಾನಾದಲ್ಲಿ ಉತ್ತರವಿದೆ. 1991ರಲ್ಲಿ ಅಲ್ಲಿ ರಾಜ್ಯಪಾಲ ಸ್ಥಾನದ ಕೊನೆಯ ಸುತ್ತಿಗೆ ಉಳಿದವರು ಭ್ರಷ್ಟಾಚಾರದ ಆರೋಪಗಳನ್ನು ಹೊತ್ತಿದ್ದ ಎಡ್ವಿನ್ ಎಡ್ವರ್ಡ್ಸ್ ಮತ್ತು ಬಿಳಿಯರ ಮೇಲ್ಮೆ ಸಾರುವ ಕು ಕ್ಲಕ್ಸ್ ಕ್ಲಾನ್‌ನ ಮಾಜಿ ನಾಯಕ ಡೇವಿಡ್ ಡ್ಯೂಕ್. 'ಕಳ್ಳನಿಗೇ ವೋಟು ಹಾಕಿ, ಇದು ಮುಖ್ಯ' ಎಂಬ ಅರ್ಥದ ಸ್ಟಿಕ್ಕರ್ ಅಂಟಿಸಿಕೊಂಡು ಜನ ಮತಗಟ್ಟೆಗೆ ಹೋದರು. ಎಡ್ವರ್ಡ್ಸ್ ಶೇ. 61 ಮತ ಪಡೆದು ಗೆದ್ದರು. ಮುಂದೆ ಕಾನೂನಿನ ಕೈಗೆ ಸಿಕ್ಕಿ ಜೈಲಿಗೂ ಹೋದರು. ಮೂಗು ಮುಚ್ಚಿಕೊಂಡು ವೋಟು ಹಾಕಿದವರು ಮೋಸ ಹೋಗಲಿಲ್ಲ. ಯಾರನ್ನು ಆರಿಸುತ್ತಿದ್ದೇವೆ, ಏಕೆ ಆರಿಸುತ್ತಿದ್ದೇವೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಮಾತು ಅವರ ಪರವಾಗಿ ಹೇಳಲೇಬೇಕು. ಕ್ಯಾಲಿಫೋರ್ನಿಯಾದ ಬೇಡಪ್ಪನವರ ವೋಟಿಗೂ ಪೆನ್ಸಿಲ್ವೇನಿಯಾದ ಬೇಡಪ್ಪನವರ ವೋಟಿಗೂ ಒಂದೇ ಬೆಲೆಯಿಲ್ಲ. ಸ್ಯಾನ್ ಹೋಸೆಯಲ್ಲಿ ನೆಲೆಸಿ ಪೌರತ್ವ ಪಡೆದ ಕನ್ನಡಿಗರು ಯಾರಿಗೆ ಒತ್ತಿದರೂ ಆ ರಾಜ್ಯದ ಎಲೆಕ್ಟೊರಲ್ ಮತ ಎಲ್ಲಿಗೆ ಹೋಗುತ್ತದೆಂದು ಮೊದಲೇ ಗೊತ್ತು. 2024ರ ಹೋರಾಟ ನಡೆದದ್ದು ಏಳು ರಾಜ್ಯಗಳಲ್ಲಿ. ಅದಕ್ಕಿಂತ ದೊಡ್ಡ ಕಾರಣವೂ ಒಂದಿದೆ. ನಾವು ಸಂಸದರನ್ನು ಆರಿಸುತ್ತೇವೆ, ಪ್ರಧಾನಿ ಯಾರೆಂಬುದನ್ನು ಆಮೇಲೆ ಲೋಕಸಭೆಯ ಬಲಾಬಲ ತೀರ್ಮಾನಿಸುತ್ತದೆ. ಸಿಟ್ಟು ಬಂದರೆ ಪಕ್ಷದ ಮೇಲೋ ಎಂಪಿ ಮೇಲೋ ಹಂಚಿ ಹಾಕಬಹುದು. ಅಮೆರಿಕದವರು ರಾಷ್ಟ್ರದ ಮುಖವನ್ನೂ ಸರ್ಕಾರದ ಯಜಮಾನನನ್ನೂ ಒಬ್ಬರಲ್ಲೇ ಆರಿಸಬೇಕು. ವಾಷಿಂಗ್ಟನ್, ಲಿಂಕನ್ ಅವರ ಕಥೆ ಕೇಳಿ ಬೆಳೆದ ಮಗು ದೊಡ್ಡದಾದ ಮೇಲೆ ಅಂಥವರೇ ಮತಪತ್ರದಲ್ಲಿ ಇರಬೇಕೆಂದು ಬಯಸಿದರೆ ಅದನ್ನು ಸೊಕ್ಕು ಎನ್ನಲಾಗದು. ರಾಜಕೀಯ ಎಂದರೆ ಹೀಗೇ ಎಂದು ಕೈಚೆಲ್ಲಿದವರಿಗೆ ಸಿಟ್ಟು ಬರುವುದಿಲ್ಲ. ಬೇಡಪ್ಪನವರಿಗೆ ಪ್ರತಿ ಸಲವೂ ಹೊಸದಾಗಿ ಬರುತ್ತದೆ. ಇಷ್ಟು ಸಲ ನಿರಾಶರಾಗಲು ಇನ್ನೂ ಆಸೆ ಉಳಿದಿರಬೇಕು. 2016ರಲ್ಲಿ ನೋಂದಾಯಿಸಿಯೂ ಮತ ಹಾಕದವರಲ್ಲಿ ಶೇ. 25ರಷ್ಟು ಮಂದಿ ಜನಗಣತಿ ಇಲಾಖೆಗೆ ಕೊಟ್ಟ ಕಾರಣ ಅಭ್ಯರ್ಥಿಗಳೋ ಪ್ರಚಾರದ ವಿಷಯಗಳೋ ಹಿಡಿಸಲಿಲ್ಲ ಎಂಬುದು. 2012ರಲ್ಲಿ ಹಾಗೆಂದವರು ಶೇ. 13. ಅವರನ್ನೆಲ್ಲ ಸೋಮಾರಿಗಳೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ.

ಆದರೆ ಆಸೆಗೆ ದುಡಿಮೆ ಸೇರದಿದ್ದರೆ ಅದು ಗೊಣಗಾಟದಲ್ಲೇ ಮುಗಿಯುತ್ತದೆ. ಆರಿಸುವ ಹೊತ್ತಿಗೆ ಇಲ್ಲದವರಿಗೆ, ಆರಿಸಿ ಬಂದವರನ್ನು ಬೈಯುವ ಹಕ್ಕು ಕಾನೂನಿನಲ್ಲಿ ಇದ್ದೇ ಇದೆ. ಬದಲಿಸುವ ಶಕ್ತಿ ಮಾತ್ರ ಉಳಿಯುವುದಿಲ್ಲ. ಆದ್ದರಿಂದ ಶ್ರೀಮಾನ್ ಬೇಡಪ್ಪನವರಲ್ಲಿ ಒಂದು ವಿನಂತಿ. ಮುಂದಿನ ಅಧ್ಯಕ್ಷರ ಚುನಾವಣೆ 2028ರ ನವೆಂಬರ್ 7ಕ್ಕೆ. ನಿಮಗೆ ಬೇಕಾದ ದಿನ ಅದಲ್ಲ. ನಿಮ್ಮ ರಾಜ್ಯದ ಪ್ರೈಮರಿ ಯಾವತ್ತು, ಅದರ ನೋಂದಣಿಗೆ ಕೊನೇ ದಿನ ಯಾವುದು ಎಂದು ಈಗಲೇ ನೋಡಿಟ್ಟುಕೊಳ್ಳಿ. ಆ ದಿನ ಹೋಗಿ, ಯಾರು ಬೇಡವೆಂಬುದನ್ನು ಬಿಟ್ಟು ಯಾರು ಬೇಕೆಂದು ಒಂದು ಸಲ ಹೇಳಿ ಬನ್ನಿ. ಆಮೇಲೂ ನವೆಂಬರಿನಲ್ಲಿ ಇಬ್ಬರೂ ಹಿಡಿಸದಿದ್ದರೆ ಮನಸಾರೆ ಬೈಯಿರಿ. ಆಗ ಕೇಳುವವರಿಗೂ ನಿಮ್ಮ ಮಾತಿನಲ್ಲಿ ತೂಕ ಕಾಣುತ್ತದೆ.